ಸದಸ್ಯ ಶಿಕ್ಷಣ: ಗೆದ್ದು ಹೋದವರ ಲಗಾಮು ಯಾರ ಕೈಲಿ?



ಸಹಕಾರ ಸಂಘದ ಆಡಳಿತ ಹೇಗೆ ನಡೆಯುತ್ತದೆಂಬುದು ನಮಗೆಲ್ಲ ಗೊತ್ತಿರುವ ವಿಚಾರ. ನಾವು ನಿರ್ದೇಶಕರನ್ನು ಆರಿಸುತ್ತೇವೆ. ಅವರು ತಮ್ಮೊಳಗಿನಿಂದ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ. ಲೆಕ್ಕ ಪರಿಶೋಧಕರು ಬಂದು ಪುಸ್ತಕ ನೋಡುತ್ತಾರೆ. ವರ್ಷಕ್ಕೊಮ್ಮೆ ಮಹಾಸಭೆ ಸೇರಿ ಲಾಭ-ನಷ್ಟ ಕೇಳುತ್ತೇವೆ. ಇಷ್ಟೆಲ್ಲ ಏರ್ಪಾಡಿದ್ದರೂ, ಜಮಾ-ಖರ್ಚು ಓದುವ ಹೊತ್ತಿಗೆ ಅಡುಗೆಯ ಚಪ್ಪರದಿಂದ ಪಾಯಸದ ಪರಿಮಳ ಬಂತೆಂದರೆ ‘ಓದಿದಂತೆ ಭಾವಿಸಿ ಅಂಗೀಕರಿಸಲಾಗಿದೆ’ ಎಂದು ಕೈ ಎತ್ತುವವರೂ ನಾವೇ. ಆ ಮಾತು ಸದ್ಯಕ್ಕೆ ಒತ್ತಟ್ಟಿಗಿರಲಿ.

ಈ ಪಾಠದಲ್ಲಿ ನೋಡಹೊರಟಿರುವುದು ಗ್ರಾಮ ಪಂಚಾಯಿತಿಯನ್ನು. ನಮ್ಮ ತೋಟದ ದಾರಿ, ಹಳ್ಳದ ಕಾಲುಸಂಕ, ಬೀದಿ ದೀಪ, ಕುಡಿಯುವ ನೀರು, ಮನೆ ಕಂದಾಯ ಎಲ್ಲವೂ ಅದರ ಕೈಯಲ್ಲಿವೆ. ಓಟು ಹಾಕಿ ಕಳಿಸಿದ ಮೇಲೆ ಐದು ವರ್ಷ ಆ ಸದಸ್ಯರನ್ನು, ಅಧ್ಯಕ್ಷರನ್ನು ಹಿಡಿದು ನಿಲ್ಲಿಸುವ ಲಗಾಮು ಯಾವುದು? ಅದು ಯಾರ ಕೈಯಲ್ಲಿದೆ?

ಲಗಾಮು ಎಂದೊಡನೆ ‘ಎಲ್ಲರೂ ಕಳ್ಳರೆನ್ನುತ್ತೀರಾ?’ ಎಂದು ಕೆಲವರು ಸಿಟ್ಟಾಗುತ್ತಾರೆ. ಹಾಗಲ್ಲ. ಮಂಡಿಯಲ್ಲಿ ಅಡಿಕೆ ತೂಗಿದಾಗ ತೂಕದ ಚೀಟಿ ಕೊಡುವುದು ಗುಮಾಸ್ತ ಕಳ್ಳನೆಂದಲ್ಲ; ನಾಳೆ ಅವನ ಮೇಲೆ ಯಾರೂ ಬೆರಳು ತೋರಿಸಬಾರದೆಂದು. ಪ್ರಾಮಾಣಿಕ ಅಧ್ಯಕ್ಷನಿಗೆ ಲೆಕ್ಕ ಕೇಳುವ ಜನರಿಗಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ.

ಪಂಚಾಯಿತಿಯ ಮೇಲಿನ ಹಿಡಿತ ಮೂರು ಕಡೆಯಿಂದ ಬರುತ್ತದೆ. ಸರ್ಕಾರ ಮತ್ತು ಅಧಿಕಾರಿಗಳಿಂದ, ಅಂದರೆ ಮೇಲಿನಿಂದ. ಜೊತೆಯ ಸದಸ್ಯರಿಂದ, ಅಂದರೆ ಪಕ್ಕದಿಂದ. ಊರಿನವರಿಂದ, ಅಂದರೆ ಕೆಳಗಿನಿಂದ. ಮೂರೂ ಕಾಯಿದೆಯಲ್ಲಿವೆ. ಮೂರರ ಬಲ ಮಾತ್ರ ಒಂದೇ ಅಲ್ಲ.

ಮೇಲಿನ ಹಿಡಿತದಿಂದಲೇ ಪ್ರಾರಂಭಿಸೋಣ. ನಮ್ಮ ರಾಜ್ಯದ ಚರಿತ್ರೆಯಲ್ಲಿ ಅತಿ ಹೆಚ್ಚು ಬಳಕೆಯಾದದ್ದೂ, ಅತಿ ಹೆಚ್ಚು ದುರ್ಬಳಕೆಯಾದದ್ದೂ ಅದೇ. 1959ರ ಗ್ರಾಮ ಪಂಚಾಯಿತಿ ಮತ್ತು ಲೋಕಲ್ ಬೋರ್ಡುಗಳ ಕಾಯಿದೆಯಲ್ಲಿ ಜಿಲ್ಲಾ ಮಟ್ಟದ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಜನರಿಂದ ಬಂದವರು ಅಲ್ಲಿ ಕೂತು ಕೇಳುವವರು ಮಾತ್ರ. ಅಶೋಕ ಮೆಹ್ತಾ ಸಮಿತಿ 1978ರಲ್ಲಿ ವರದಿ ಕೊಟ್ಟ ಮೇಲೆ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಪಟ್ಟು ಹಿಡಿದು 1983ರ ಕಾಯಿದೆ ತಂದರು. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಅದರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಎಂಬ ಹೊಸ ರಚನೆ. ಮಹಿಳೆಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೆಳಗೆ ಕೆಲಸ ಮಾಡಲು ಒಬ್ಬ ಹಿರಿಯ ಐ.ಎ.ಎಸ್. ಅಧಿಕಾರಿ. ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಹಳ್ಳಿಯವನು ಅಧಿಕಾರಿಯಿಂದ ವರದಿ ಕೇಳುವಂತಾದ. ಅಂದಿನ ಆ ಹುರುಪನ್ನು ಕಂಡ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ.

ಆದರೆ 1992ರಲ್ಲಿ ಐದು ವರ್ಷದ ಅವಧಿ ಮುಗಿದಾಗ ಏನಾಯಿತು? ಹೊಸ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಜನರಿಗೆ ಕೊಟ್ಟಿದ್ದನ್ನು ಒಂದು ಆದೇಶದಿಂದ ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಾದದ್ದು ಆ ಕೊಡುಗೆಗೆ ಸಂವಿಧಾನದ ಬೇಲಿ ಇರಲಿಲ್ಲವಾಗಿ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಆ ಬೇಲಿ ಹಾಕಿತು. ಪಂಚಾಯಿತಿಯ ಅವಧಿ ಐದು ವರ್ಷ; ಅದು ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಆಗಬೇಕು; ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಆಗಬೇಕು. ಚುನಾವಣೆಗೆ ಪ್ರತ್ಯೇಕ ರಾಜ್ಯ ಆಯೋಗ, ಹಣ ಹಂಚಿಕೆಗೆ ಐದು ವರ್ಷಕ್ಕೊಂದು ಹಣಕಾಸು ಆಯೋಗ. ಇವೆಲ್ಲ ಪಂಚಾಯಿತಿಯ ಮೇಲಿನ ಲಗಾಮಲ್ಲ, ಸರ್ಕಾರದ ಮೇಲಿನ ಲಗಾಮು. ಕಾವಲುಗಾರನಿಗೂ ಒಂದು ಕಾವಲು ಬೇಕಲ್ಲ!

ಆ ಬೇಲಿಯನ್ನೂ ದಾಟಿದ್ದುಂಟು. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಸರ್ಕಾರ ಕಾಯಿದೆ ತಿದ್ದಿ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟಿತು. ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳು ಉರುಳಿದವು, ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು. ಸಕಾಲಕ್ಕೆ ಚುನಾವಣೆ ನಡೆಸಲೇಬೇಕೆಂದು ಅಹಮದಾಬಾದಿನ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿತ್ತು. ಒಂದು ಪಕ್ಷದ ಸರ್ಕಾರ ಹೋಗಿ ಮತ್ತೊಂದು ಬಂದರೂ ಈ ವಿಷಯದಲ್ಲಿ ಅವಸರವನ್ನು ಯಾರೂ ತೋರಿಸಲಿಲ್ಲವೆಂಬುದನ್ನು ಗಮನಿಸಬೇಕು. ಚುನಾವಣೆಯೇ ಇಲ್ಲದಿದ್ದರೆ ಲಗಾಮಿನ ಮಾತೆಲ್ಲಿ?

ಇನ್ನು ದಿನನಿತ್ಯದ ವ್ಯವಹಾರದಲ್ಲಿ ಅಧಿಕಾರಿಗಳ ಹಿಡಿತ. ಪಂಚಾಯಿತಿಯ ಹಣ ಹೊರಡಬೇಕಾದರೆ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿ.ಡಿ.ಓ., ಇಬ್ಬರ ಒಪ್ಪಿಗೆಯೂ ಬೇಕೆಂಬುದು ಏರ್ಪಾಡು. ಕಾನೂನಿಗೆ ವಿರುದ್ಧವಾದ ಠರಾವನ್ನು ತಡೆಹಿಡಿಯುವ ಅಧಿಕಾರ ಮೇಲಧಿಕಾರಿಗಳಿಗಿದೆ. ದುರ್ನಡತೆ ರುಜುವಾತಾದರೆ, ಸಮಜಾಯಿಷಿ ಕೇಳಿ, ತೆಗೆದುಹಾಕಲೂ ಕಾಯಿದೆಯಲ್ಲಿ ದಾರಿಯಿದೆ. ಲೆಕ್ಕ ಪರಿಶೋಧನೆ ಇದ್ದೇ ಇದೆ. ಇಬ್ಬರ ರುಜು ಒಳ್ಳೆಯ ಏರ್ಪಾಡೇ. ಆದರೆ ಇಬ್ಬರೂ ಒಂದೇ ದೋಣಿಯಲ್ಲಿ ಕೂತರೆ ಎರಡು ರುಜು ಒಂದೇ ರುಜುವಿಗೆ ಸಮ. ಲೆಕ್ಕ ಪರಿಶೋಧಕರ ಆಕ್ಷೇಪಣೆ ಬರುವಷ್ಟರಲ್ಲಿ ರಸ್ತೆ ಕಿತ್ತುಹೋಗಿರುತ್ತದೆ, ಅಧ್ಯಕ್ಷರು ಬದಲಾಗಿರುತ್ತಾರೆ, ಪಿ.ಡಿ.ಓ.ಗೆ ವರ್ಗವಾಗಿರುತ್ತದೆ. ಕೊಳೆ ರೋಗ ಬಂದು ಕಾಯಿ ಉದುರಿದ ಮೇಲೆ ಔಷಧಿ ಹೊಡೆದ ಹಾಗೆ.

ಎರಡನೆಯದು ಪಕ್ಕದವರ ಹಿಡಿತ, ಅವಿಶ್ವಾಸ ನಿರ್ಣಯ. 1993ರ ನಮ್ಮ ಪಂಚಾಯಿತಿ ಕಾಯಿದೆಯ 49ನೇ ಕಲಮಿನಂತೆ, ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದವರು ರುಜು ಮಾಡಿ ನೋಟೀಸು ಕೊಟ್ಟು, ವಿಶೇಷ ಸಭೆಯಲ್ಲಿ ಮೂರನೇ ಎರಡರಷ್ಟು ಸದಸ್ಯರು ಒಪ್ಪಿದರೆ ಗ್ರಾಮ ಪಂಚಾಯಿತಿ ಅಧ್ಯಕ್ಷರು ಕೆಳಗಿಳಿಯಬೇಕು. ಲೆಕ್ಕ ಸುಲಭ ಮಾಡಿ ನೋಡೋಣ. ಹದಿನೈದು ಸದಸ್ಯರಿದ್ದರೆ ಎಂಟು ರುಜು, ಹತ್ತು ಮತ. ಬರಹದಲ್ಲಿ ಬಹಳ ಚೆನ್ನಾಗಿದೆ. ಆದರೆ ನಮ್ಮ ಕಡೆ ಅವಿಶ್ವಾಸದ ಸುದ್ದಿ ಬಂದಾಗ ‘ಏನು ತಪ್ಪು ಮಾಡಿದರಂತೆ?’ ಎಂದು ಯಾರಾದರೂ ಕೇಳುತ್ತಾರೆಯೇ? ‘ಮುಂದಿನ ಸರದಿ ಯಾರದಂತೆ?’ ಎಂದೇ ಕೇಳುತ್ತಾರೆ. ಸದಸ್ಯರನ್ನು ವ್ಯಾನಿನಲ್ಲಿ ತುಂಬಿಕೊಂಡು ಯಾವುದೋ ಊರಿನ ವಸತಿಗೃಹದಲ್ಲಿಟ್ಟು ಸಭೆಯ ದಿನ ನೇರ ಕರೆತರುವ ಪದ್ಧತಿ ಶಾಸಕರಿಂದ ಕೆಳಗಿಳಿದು ಹಳ್ಳಿಯವರೆಗೆ ಬಂದಿದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷಾತೀತವಾದ್ದರಿಂದ ಪಕ್ಷಾಂತರ ನಿಷೇಧವೂ ಅಲ್ಲಿ ಅಡ್ಡ ಬರುವುದಿಲ್ಲ.

ಇದರ ಪೆಟ್ಟು ಹೆಚ್ಚಾಗಿ ತಿನ್ನುವವರು ಮೀಸಲಾತಿಯಿಂದ ಬಂದ ಮಹಿಳಾ ಮತ್ತು ದಲಿತ ಅಧ್ಯಕ್ಷರು ಎಂಬುದು ದೇಶದ ನಾನಾ ರಾಜ್ಯಗಳಲ್ಲಿ ಕಂಡುಬಂದಿದೆ. ಹೇಳಿದಲ್ಲಿ ರುಜು ಹಾಕುವವರೆಗೆ ಯಾರಿಗೂ ತಕರಾರಿಲ್ಲ. ‘ಬಿಲ್ಲು ಓದಿ ಆಮೇಲೆ ರುಜು ಹಾಕುತ್ತೇನೆ’ ಎಂದ ಮರುದಿನವೇ ಅವರ ಮೇಲೆ ಅವಿಶ್ವಾಸ ಹುಟ್ಟುತ್ತದೆ. ಇದನ್ನು ತಡೆಯಲೆಂದೇ ಚುನಾಯಿತರಾದ ಮೊದಲ ಕೆಲವು ತಿಂಗಳು ನಿರ್ಣಯ ತರಬಾರದೆಂಬ ನಿರ್ಬಂಧ ಬಂತು. ಅಧ್ಯಕ್ಷರ ಅವಧಿಯನ್ನು 2015ರಲ್ಲಿ ಐದು ವರ್ಷಕ್ಕೆ ಏರಿಸಿ 2020ರಲ್ಲಿ ಮತ್ತೆ ಮೂವತ್ತು ತಿಂಗಳಿಗೆ ಇಳಿಸಿದ್ದೂ ಆಯಿತು. ಗಟ್ಟಿಯಾಗಿ ಕೂರಿಸಿದರೆ ಕೆಟ್ಟವನೂ ಗಟ್ಟಿ, ಸಡಿಲ ಮಾಡಿದರೆ ಒಳ್ಳೆಯವಳೂ ಸಡಿಲ. ಎಷ್ಟು ತಿದ್ದಿದರೂ ಈ ತೊಡಕು ಬಿಡುವುದಿಲ್ಲ, ಏಕೆಂದರೆ ಇಳಿಸುವವರೇ ಆ ಕುರ್ಚಿಯ ಮುಂದಿನ ಉಮೇದುವಾರರು.

ಹಾಗಾದರೆ ಇಳಿಸುವ ಅಧಿಕಾರವನ್ನು ಓಟು ಹಾಕಿದವರಿಗೇ ಕೊಟ್ಟರೆ? ಅದನ್ನೂ ಬೇರೆ ರಾಜ್ಯಗಳು ಪ್ರಯೋಗ ಮಾಡಿವೆ. ಮಧ್ಯಪ್ರದೇಶದಲ್ಲಿ ಪುರಸಭೆಯ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಬಂದಾಗ, ಜನರೇ ಹಿಂದಕ್ಕೆ ಕರೆಸಿಕೊಳ್ಳುವ ಪದ್ಧತಿಯೂ ಜೊತೆಗೆ ಬಂತು. ಮತಪತ್ರದಲ್ಲಿ ಎರಡೇ ಚಿತ್ರ: ಒಂದು ಖಾಲಿ ಕುರ್ಚಿ, ಇನ್ನೊಂದು ಜನ ಕೂತಿರುವ ಕುರ್ಚಿ. ಓದು ಬಾರದವರಿಗೂ ಅರ್ಥವಾಗುವ ಏರ್ಪಾಡು. ಆದರೆ ಆ ಮತದಾನ ನಡೆಯಬೇಕಾದರೆ ಮೊದಲು ಮುಕ್ಕಾಲು ಪಾಲು ಪುರಸಭಾ ಸದಸ್ಯರು ಬೇಡಿಕೆಗೆ ರುಜು ಮಾಡಬೇಕಿತ್ತು. ಅಂದರೆ ಬಾಗಿಲಿನ ಬೀಗದ ಕೈ ಮತ್ತೆ ಪಕ್ಕದವರ ಸೊಂಟದಲ್ಲೇ. ಹರಿಯಾಣ 2020ರಲ್ಲಿ ಹಳ್ಳಿಯ ಮಟ್ಟಕ್ಕೆ ಮಾಡಿದ ಕಾನೂನಿನಲ್ಲಿ ಬೀಗದ ಕೈ ಮತದಾರರದೇ: ನೂರಕ್ಕೆ ಮೂವತ್ತಮೂರು ಮಂದಿ ಬರೆದು ಕೇಳಬೇಕು, ಅರವತ್ತೇಳು ಮಂದಿ ಗುಪ್ತ ಮತದಲ್ಲಿ ಒಪ್ಪಬೇಕು. ತೋಟದ ನಡುವೆ ಒಂದೊಂದು ಮನೆಯಿರುವ ಮಲೆನಾಡಿನಲ್ಲಿ ಮೂವತ್ತಮೂರು ಮಂದಿಯ ರುಜು ಕೂಡಿಸುವಷ್ಟರಲ್ಲಿ ಒಂದು ಮಳೆಗಾಲ ಕಳೆದೀತು. ಅಲ್ಲದೆ, ಇಳಿಸುವುದು ಕೊನೆಯ ಅಸ್ತ್ರ. ಮರ ಕಡಿಯುವ ಮುನ್ನ ಕಸಿ ಕತ್ತರಿ ಹಿಡಿಯಬೇಕಷ್ಟೆ?

ಈಗ ಮೂರನೆಯದಕ್ಕೆ ಬರೋಣ. ಕೆಳಗಿನ ಹಿಡಿತವೆಂದರೆ ಕುರ್ಚಿಯಿಂದ ಇಳಿಸುವುದಲ್ಲ, ಲೆಕ್ಕ ಕೇಳುವುದು. ಇದರ ಬಲ ಎಷ್ಟೆಂಬುದನ್ನು ದೇಶಕ್ಕೆ ತೋರಿಸಿದ್ದು ನಮಗಿಂತ ಬಡವಾದ, ಅಕ್ಷರದಲ್ಲೂ ಹಿಂದಿದ್ದ ರಾಜಸ್ಥಾನದ ಹಳ್ಳಿಗಳು. ಅಲ್ಲಿನ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಎಂಬುದು 1990ರಲ್ಲಿ ಹುಟ್ಟಿದ್ದು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅದರ ಮೊದಲಿಗರು. ಕಾಮಗಾರಿಯಲ್ಲಿ ಕೂಲಿ ಮಾಡಿದವರಿಗೆ ನಿಗದಿಯಾದ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ ‘ಹಾಜರಿ ಪಟ್ಟಿಯಲ್ಲಿ ಅಳತೆ ಕಡಿಮೆಯಿದೆ’ ಎಂಬ ಉತ್ತರ. ‘ಪಟ್ಟಿ ತೋರಿಸಿ’ ಎಂದರೆ ‘ಅದು ಸರ್ಕಾರದ ಗುಟ್ಟು’. ಕೊನೆಗೆ ದಾಖಲೆಗಳ ವಿವರ ಹೇಗೋ ಕೈಗೆ ಬಂದಾಗ ಅವರು ಮಾಡಿದ ಕೆಲಸ ಬಹಳ ಸರಳ. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನರನ್ನು ಸೇರಿಸಿ ಅದನ್ನು ಗಟ್ಟಿಯಾಗಿ ಓದಿದರು. ಇಂಥ ಕೆಲಸಕ್ಕೆ ಇಂಥವರು ಇಷ್ಟು ದಿನ ಬಂದರು, ಇಷ್ಟು ಹಣ ಪಡೆದರು. ಹೆಸರಿದ್ದವರು ಅಲ್ಲೇ ಎದ್ದು ನಿಂತು ‘ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ’ ಎಂದರು. ಹೀಗೆ ಒಂದೊಂದು ಊರಿನಲ್ಲಿ ಜನಸುನವಾಯಿ, ಅಂದರೆ ಜನರ ವಿಚಾರಣೆ, ನಡೆಯುತ್ತ ಹೋಯಿತು. ಕೆಲವೆಡೆ ಸರಪಂಚರು ಹಣ ಹಿಂತಿರುಗಿಸಿದ್ದೂ ಉಂಟು.

ಗಮನಿಸಿ: ಅಲ್ಲಿ ಯಾರೂ ಅಧ್ಯಕ್ಷರನ್ನು ಇಳಿಸಲಿಲ್ಲ, ವಕೀಲರನ್ನು ಹಿಡಿಯಲಿಲ್ಲ. ಕಾಗದದಲ್ಲಿದ್ದುದನ್ನು ಅದು ಗೊತ್ತಿದ್ದವರ ಮುಂದೆ ಓದಿದರು, ಅಷ್ಟೇ. ಲೆಕ್ಕ ಪರಿಶೋಧಕನಿಗೆ ಕಾಣದ್ದು ಕೂಲಿಯವಳಿಗೆ ಕಾಣುತ್ತದೆ. ಬಿಲ್ಲು ಸರಿಯಿದೆಯೇ ಎಂದು ಅವನು ನೋಡಬಲ್ಲ. ಬಿಲ್ಲಿನಲ್ಲಿರುವ ಮೋರಿ ಹಳ್ಳದಲ್ಲಿದೆಯೇ ಎಂಬುದು ಆ ಹಳ್ಳ ದಾಟುವವರಿಗೆ ಮಾತ್ರ ಗೊತ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ದಾಖಲೆಯ ಪ್ರತಿಗಾಗಿ ನಲವತ್ತು ದಿನ ಧರಣಿ ಕೂತರು. ಆ ಹೋರಾಟದ ದಾರಿಯಲ್ಲೇ ಮುಂದೆ 2005ರ ಕೇಂದ್ರ ಮಾಹಿತಿ ಹಕ್ಕು ಕಾಯಿದೆ ಬಂತು. ಕರ್ನಾಟಕವೂ 2000ದಲ್ಲೇ ತನ್ನದೇ ಮಾಹಿತಿ ಕಾಯಿದೆ ಮಾಡಿಕೊಂಡಿತ್ತು.

ರಾಜಸ್ಥಾನದವರು ಧರಣಿ ಕೂತು ಪಡೆದದ್ದು ನಮಗೆ ಕಾಯಿದೆಯಲ್ಲೇ ಇದೆ. ಆರು ತಿಂಗಳಿಗೊಮ್ಮೆ ವಾರ್ಡು ಸಭೆ, ಅದರ ಮೇಲೆ ಗ್ರಾಮ ಸಭೆ. ಗ್ರಾಮ ಸಭೆಗೆ ಕೋರಂ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅದು. ಗ್ರಾಮ ಸಭೆಗೆ ಯಾವ ಅಧಿಕಾರ ಕೊಡಬೇಕೆಂಬುದನ್ನು ಸಂವಿಧಾನ ರಾಜ್ಯಗಳ ಶಾಸನ ಸಭೆಗೆ ಬಿಟ್ಟಿದೆ, ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ಬಿಗಿ. ಕಾಫಿ ಬೆಳೆಯುವ ವಯನಾಡಿನ ಸ್ನೇಹಿತರನ್ನು ಕೇಳಿನೋಡಿ: ಕೇರಳದ ಕಾಯಿದೆಯಂತೆ ಸತತವಾಗಿ ಎರಡು ಬಾರಿ ಗ್ರಾಮ ಸಭೆ ಕರೆಯದ ಸದಸ್ಯನು ಸದಸ್ಯತ್ವಕ್ಕೇ ಅನರ್ಹನಾಗುತ್ತಾನೆ.

ಇವಲ್ಲದೆ ನಮ್ಮಲ್ಲಿ ಜಮಾಬಂದಿ ಎಂಬುದೊಂದಿದೆ. ಹೆಸರು ಕಂದಾಯ ಇಲಾಖೆಯ ಹಳೆಯದು, ಕೆಲಸ ಹೊಸದು. ವರ್ಷಕ್ಕೊಮ್ಮೆ, ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನೊಳಗೆ, ಹಿಂದಿನ ಆರ್ಥಿಕ ವರ್ಷದ ಜಮಾ-ಖರ್ಚು, ರಿಜಿಸ್ಟರು, ಕಾಮಗಾರಿ ಎಲ್ಲವನ್ನೂ ಮೇಲಿನಿಂದ ಬಂದ ಅಧಿಕಾರಿಯ ತಂಡ ಊರವರ ಎದುರು ಪರಿಶೀಲಿಸಬೇಕು. ಬೇಕೆಂದರೆ ಸ್ಥಳಕ್ಕೂ ಹೋಗಿ ನೋಡಬೇಕು. ಕೋಟ್ ಕಿರಾನಾದಲ್ಲಿ ನಡೆದದ್ದನ್ನು ಸರ್ಕಾರವೇ ಮುಂದೆ ನಿಂತು ಮಾಡುವ ಏರ್ಪಾಡು ಇದು. ಆದರೆ ಜಮಾಬಂದಿಯ ದಿನ ಪಂಚಾಯಿತಿ ಕಟ್ಟಡದಲ್ಲಿ ಸದಸ್ಯರು, ಸಿಬ್ಬಂದಿ, ಅಂಗನವಾಡಿಯ ಕಾರ್ಯಕರ್ತೆಯರು ಬಿಟ್ಟರೆ ನಮ್ಮ ಬೆಳೆಗಾರರೆಷ್ಟು ಮಂದಿ ಇರುತ್ತಾರೆ? ಗ್ರಾಮ ಸಭೆಗೆ ಲೈನು ಮನೆಯ ಕಾರ್ಮಿಕರು ಮನೆ ಮಂಜೂರಾತಿ ಕೇಳಲು ಬರುತ್ತಾರೆ. ತೋಟದ ಯಜಮಾನರಿಗೆ ಅದು ‘ನಮ್ಮಂಥವರು ಹೋಗುವ ಜಾಗವಲ್ಲ’. ದಾರಿ ಕೆಟ್ಟಾಗ ಶಾಸಕರ ಮನೆಗೆ ಹೋಗುವುದಕ್ಕೆ ಮಾತ್ರ ಬಿಡುವುಂಟು. ಕಾಫಿ ಕೊಯ್ಲು, ಅಡಿಕೆ ಸುಲಿತದ ನಡುವೆ ಸಭೆ ಕರೆದರೆ ಹೋಗುವುದು ಕಷ್ಟ, ನಿಜ. ಅದಕ್ಕೆ ಕೊಯ್ಲಿಲ್ಲದ ದಿನ ಸಭೆ ಇಡಿ ಎಂದು ಮುಂಚೆಯೇ ಬರೆದು ಕೇಳುವುದು ಉತ್ತರವೇ ಹೊರತು, ಹೋಗದೆ ಕೂರುವುದಲ್ಲ.

ಹೋದಾಗ ಕೇಳಬೇಕಾದದ್ದೇನು? ‘ಭ್ರಷ್ಟಾಚಾರ ನಡೆದಿದೆ’ ಎಂದು ಕೂಗಿದರೆ ಗಲಾಟೆ ಆದೀತೇ ವಿನಾ ಉತ್ತರ ಬಾರದು. ಒಂದೇ ಒಂದು ಕೆಲಸ ಹಿಡಿಯಿರಿ. ಉದಾಹರಣೆಗೆ, ನಿಮ್ಮ ಕೇರಿಯ ಕಾಂಕ್ರೀಟು ರಸ್ತೆ. ಅದಕ್ಕೆ ನಾಲ್ಕು ಕಾಗದವಿರುತ್ತದೆ: ಮಂಜೂರಾತಿಯ ಠರಾವು, ಅಂದಾಜು ಪಟ್ಟಿ, ಇಂಜಿನಿಯರ ಅಳತೆ ಪುಸ್ತಕ, ಪಾವತಿಯಾದ ಬಿಲ್ಲು. ಮುಖ್ಯವಾದದ್ದು ಅಳತೆ ಪುಸ್ತಕ. ಅದರಲ್ಲಿ ಉದ್ದ ನೂರು ಮೀಟರ್, ಅಗಲ ಮೂರು ಮೀಟರ್, ದಪ್ಪ ಹದಿನೈದು ಸೆಂಟಿಮೀಟರ್ ಎಂದಿದೆಯೆನ್ನೋಣ. ಒಟ್ಟು 45 ಘನ ಮೀಟರ್ ಕಾಂಕ್ರೀಟು. ಉದ್ದ ಅಗಲ ಸರಿಯಿರುತ್ತದೆ, ಅದು ಎಲ್ಲರಿಗೂ ಕಾಣುತ್ತದಲ್ಲ! ಕಡಿಮೆಯಾಗುವುದು ದಪ್ಪ. ಅಂಚಿನ ಮಣ್ಣು ಸರಿಸಿ ನಾಲ್ಕಾರು ಕಡೆ ಟೇಪು ಹಿಡಿದಾಗ ಹತ್ತೇ ಸೆಂಟಿಮೀಟರ್ ಕಂಡರೆ, ಹಾಕಿದ್ದು 30 ಘನ ಮೀಟರ್. ಉಳಿದ ಹದಿನೈದಕ್ಕೆ, ಘನ ಮೀಟರಿಗೆ ಏಳೆಂಟು ಮೂಟೆಯಂತೆ, ನೂರಕ್ಕೂ ಮಿಕ್ಕಿ ಮೂಟೆ ಸಿಮೆಂಟು ಎಲ್ಲಿಗೋ ಹೋಯಿತೆಂದಾಯಿತು. ಗಿಡದ ಗುಂಡಿಯನ್ನು ಅಳತೆಕೋಲು ಹಿಡಿದು ಲೆಕ್ಕ ಕೊಡುವ ನಮಗೆ ಇದೇನು ದೊಡ್ಡ ವಿದ್ಯೆಯಲ್ಲ. ಅಳೆಯುವಾಗ ಒಬ್ಬರೇ ಹೋಗಬೇಡಿ; ವಾರ್ಡಿನ ಸದಸ್ಯರನ್ನೂ ಕರೆಯಿರಿ. ಸರಿಯಿದ್ದರೆ ಅವರಿಗೆ ಗೌರವ, ಇಲ್ಲದಿದ್ದರೆ ಅವರೇ ಸಾಕ್ಷಿ.

ಕಾಗದ ಕೊಡಲೊಪ್ಪದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ತೊಂಬತ್ತು ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಈ ಕಾಯಿದೆ ಪ್ರತಿ ಪಡೆಯಲು ಮಾತ್ರವಲ್ಲ, ಕಾಮಗಾರಿಯನ್ನು ಪರಿಶೀಲಿಸಲು, ಹಾಕಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಸಹ ಹಕ್ಕು ಕೊಟ್ಟಿದೆ ಎಂಬುದು ಬಹಳ ಜನರಿಗೆ ತಿಳಿಯದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ನೂರೈವತ್ತು ಪದಗಳೊಳಗೆ. ಆದ್ದರಿಂದ ಪೀಠಿಕೆ, ಆಪಾದನೆ, ಹಳೆಯ ಜಗಳ ಯಾವುದೂ ಬೇಡ. ‘ಇಂಥ ಆರ್ಥಿಕ ವರ್ಷದಲ್ಲಿ ಇಂಥ ವಾರ್ಡಿನ ಇಂಥ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ ಮತ್ತು ಪಾವತಿ ಬಿಲ್ಲಿನ ದೃಢೀಕೃತ ಪ್ರತಿ ಕೊಡಬೇಕಾಗಿ ಕೋರಿಕೆ’ ಎಂದಿಷ್ಟೇ ಬರೆದು, ಪಂಚಾಯಿತಿಯ ಮಾಹಿತಿ ಅಧಿಕಾರಿಯ ಹೆಸರಿಗೆ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಜಮಾಬಂದಿಯ ಹೊತ್ತಿಗೆ ಪ್ರತಿ ಕೈಯಲ್ಲಿರಬೇಕಾದರೆ ಅರ್ಜಿ ಜುಲೈ ಮೊದಲ ವಾರದಲ್ಲೇ ಹೋಗಬೇಕು. ಅದು ಬೋರ್ಡೋ ಹೊಡೆಯುವ ಕಾಲ, ಪುರಸೊತ್ತಿಲ್ಲವೆನ್ನುತ್ತೀರಿ. ಆದರೆ ಮಳೆ ಬಿಡದೆ ಸುರಿದು ಔಷಧಿಯವನು ಮರ ಹತ್ತಲಾರದ ಮಧ್ಯಾಹ್ನ ಆ ತಿಂಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ.